ಆರಿಸಿದ ದೀಪ, ಬಾಗಿಸಿದ ದೀಪ

ಕಲೆಯೆಂದರೆ ಗೋಡೆಗೆ ತೂಗುಹಾಕುವುದು, ಇಲ್ಲವೇ ರಂಗದ ಮೇಲೆ ನೋಡುವುದು ಎಂದುಕೊಂಡವರಿಗೆ ಡಚ್ ಕಲಾವಿದ ಡಾನ್ ರೋಸೆಗಾರ್ಡೆ ಅವರ ‘ಸೀಯಿಂಗ್ ಸ್ಟಾರ್ಸ್’ ಹುಡುಗಾಟವೆನಿಸೀತು. 2022ರ ಸೆಪ್ಟೆಂಬರ್ 25ರ ರಾತ್ರಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ನಡೆದ ಈ ಕೃತಿಯಲ್ಲಿ ಬಣ್ಣವಿಲ್ಲ, ಬೊಂಬೆಯಿಲ್ಲ. ಬೀದಿದೀಪಗಳನ್ನು ಆರಿಸುತ್ತಾರೆ, ಮನೆಯವರು, ಅಂಗಡಿಯವರು ತಮ್ಮ ತಮ್ಮ ದೀಪವನ್ನು ತಾವೇ ಆರಿಸಬೇಕು. ಬೆಳಕು ನುಂಗಿದ್ದ ನಕ್ಷತ್ರಗಳನ್ನು ಊರವರೆಲ್ಲ ಸೇರಿ ಬಿಡಿಸಿಕೊಳ್ಳುವುದೇ ಇಲ್ಲಿಯ ಕಲೆ.

ಮಗಳು ಫೋನಿನಲ್ಲಿ ಇದನ್ನು ತೋರಿಸಿದಾಗ ನನಗೆ ಹಿಡಿಸಿದ್ದು ಆ ಸ್ವಿಚ್ಚಿನ ವಿಚಾರ. ಬೆಳಕಿನ ಮಾಲಿನ್ಯ ಎಂದು ಭಾಷಣ ಮಾಡಿದರೆ ನಾವು ತಲೆದೂಗಿ ಎದ್ದುಬರುತ್ತೇವೆ. ಇಲ್ಲಿ ಆಕಾಶವನ್ನು ಮಂಕು ಮಾಡಿದ ಕೈಯೇ ಅದನ್ನು ತೊಳೆಯಬೇಕು. ವಿಷಯವೇನೂ ಸಣ್ಣದಲ್ಲ. 2011ರಿಂದ 2022ರವರೆಗೆ ಸಾಮಾನ್ಯ ಜನ ಬರಿಗಣ್ಣಿನಲ್ಲಿ ನೋಡಿ ಬರೆದು ಕಳಿಸಿದ 51,000ಕ್ಕೂ ಮಿಕ್ಕ ವರದಿಗಳಿಂದ, ಇರುಳಿನ ಆಕಾಶದ ಬೆಳಕು ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಏರುತ್ತಿದೆಯೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. ವರದಿಗಳು ಹೆಚ್ಚಾಗಿ ಯುರೋಪು, ಉತ್ತರ ಅಮೆರಿಕದವು. ಆದರೆ ಹಾಸನ ಜಿಲ್ಲೆಗೆ ಅಂಟಿಕೊಂಡ ನಮ್ಮ ಶಿರಂಗಾಲದಿಂದಲೂ ಕುಶಾಲನಗರದ ಕಡೆಯ ಆಕಾಶ ರಾತ್ರಿಯೆಲ್ಲ ಬೆಳ್ಳಗಿರುತ್ತದೆ. ಕರೆಂಟು ಹೋದಾಗ ಮಾತ್ರ ಕಾವೇರಿಯ ಮೇಲೆ ಚುಕ್ಕಿಗಳು ತುಂಬಿಕೊಳ್ಳುತ್ತವೆ. ಲೈಡನ್ನಿನವರು ಅಷ್ಟೊಂದು ಸಿದ್ಧತೆ ಮಾಡಿ ಪಡೆದದ್ದು ನಮಗೆ ಪುಕ್ಕಟೆ!

ಕೃತಿಯ ಮೇಲೆ ನನ್ನ ತಕರಾರಿರುವುದು ಬೇರೆ ಕಡೆ. ಊರೆಲ್ಲ ಬೀದಿಗೆ ಬಂದ ರಾತ್ರಿ ಕತ್ತಲೆ ಹಬ್ಬ. ಕೊನೆಯ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಹುಡುಗಿಗೆ ಅದು ಹಬ್ಬವೆ? ಬೀದಿಗೊಂದು ದೀಪ ಹಾಕಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟು ಸವೆದ ಹೆಂಗಸರಿಗೆ, ಈಗ ಆರಿಸಿ ಎಂದರೆ ನಗು ಬರುತ್ತದೆ. ದೀಪ ಬೇಕು, ಅದು ನೆಲಕ್ಕೆ ಬೀಳಬೇಕು. ಬದಿಗೂ ಮೇಲಕ್ಕೂ ಚೆಲ್ಲುವ ಬೆಳಕು ನಡೆಯುವವಳ ಕಾಲಿಗೆ ಸಿಗುವುದಿಲ್ಲ, ಕಣ್ಣಿಗೆ ಚುಚ್ಚುತ್ತದೆ. ಮಿನುಗಿ ಜೊತೆ ಹುಡುಕುವ ಮಿಂಚುಹುಳಕ್ಕಂತೂ ಅದು ಶತ್ರು. ಎಷ್ಟು ಬೆಳಕು ಸಾಕು, ಎತ್ತ ಬೀಳಬೇಕು ಎಂಬುದನ್ನು ರೋಸೆಗಾರ್ಡೆಯವರ ಕೃತಿ ಕೇಳುವುದೇ ಇಲ್ಲ.

ಲಡಾಖಿನ ಹಾನ್ಲೆ ಕೇಳಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಆ ಸೀಮೆ 2022ರಲ್ಲಿ ಕತ್ತಲಿನ ಆಕಾಶದ ಮೀಸಲು ಪ್ರದೇಶವಾಯಿತು. ಅಲ್ಲಿಯ ಮನೆಗಳಲ್ಲಿ ದೀಪಕ್ಕೆ ಮರೆ, ಕಿಟಕಿಗೆ ದಪ್ಪ ಪರದೆ. ಬಂದವರಿಗೆ ದೂರದರ್ಶಕ ಹಿಡಿದು ಆಕಾಶ ತೋರಿಸಲು ತರಬೇತಿ ಪಡೆದ ಊರವರಲ್ಲಿ ಹೆಂಗಸರೇ ಹೆಚ್ಚು. ಕಲೆಯೆಂದು ಯಾರೂ ಹೆಸರಿಡದ ಈ ಕೆಲಸವೇ ನನಗೆ ಹೆಚ್ಚು ಪೂರ್ಣವಾಗಿ ಕಾಣುತ್ತದೆ.

ಮಡಿಕೇರಿ ದಸರಾದಲ್ಲಿ ಹತ್ತು ಮಂಟಪಗಳು ವಿಜಯದಶಮಿಯ ಇರುಳಿಡೀ ಬೆಳಕಿನ ಪೈಪೋಟಿ ನಡೆಸುತ್ತವೆ. ಅದನ್ನು ನಿಲ್ಲಿಸಿ ಎನ್ನಲು ನನಗೆ ಹುಚ್ಚಿಲ್ಲ. ಹನ್ನೊಂದನೆಯದಾಗಿ ಯಾರಾದರೂ ಒಂದು ಖಾಲಿ ಕಂಬ ನೆಟ್ಟು, ಮನೆಯ ಹಳೇ ತಗಡು, ಕತ್ತರಿ ತನ್ನಿ, ದೀಪಕ್ಕೊಂದು ಟೋಪಿ ಹೊಲಿಯೋಣ ಎಂದು ಹೆಂಗಸರನ್ನು ಕರೆದರೆ ನಾನು ಮೊದಲ ಬಸ್ಸಿಗೇ ಹತ್ತುತ್ತೇನೆ.