ಒಂದು ಕಲ್ಲು ಸಾಕು

ಶಾಲೆಯ ಇತಿಹಾಸ ಮೇಳ ಹತ್ತಿರ ಬಂತೆಂದರೆ ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್ ಖಾಲಿ. ಗೋಳಗುಮ್ಮಟ, ಹಂಪಿಯ ಕಲ್ಲಿನ ರಥ, ಚಿತ್ರದುರ್ಗದ ಕೋಟೆ ಎಲ್ಲವೂ ಮೇಜಿನ ಮೇಲೆ ಎದ್ದು ನಿಲ್ಲುತ್ತವೆ. ಮಕ್ಕಳ ಕೈಚಳಕವನ್ನು ಮೆಚ್ಚಲೇಬೇಕು. ಆದರೆ ಮಾದರಿಯ ಪಕ್ಕ ನಿಂತ ಹುಡುಗಿಯನ್ನು, ‘ಇದೆಲ್ಲ ಹೇಗೆ ಗೊತ್ತಾಯಿತು ಪುಟ್ಟಿ?’ ಎಂದು ಕೇಳಿದರೆ, ‘ಪಾಠದಲ್ಲಿತ್ತು ಸರ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇತಿಹಾಸದ ನಿಜವಾದ ರುಚಿ ಇರುವುದು ಆ ಪ್ರಶ್ನೆಯಿಂದ ಮುಂದೆ. ಅದನ್ನು ಮಕ್ಕಳಿಗೆ ಹತ್ತಿಸಬೇಕಾದರೆ ಮೇಳದ ವಿಷಯ ಎಷ್ಟೇ ದೊಡ್ಡದಿರಲಿ, ಹಿಡಿಯುವ ವಸ್ತು ಚಿಕ್ಕದಿರಬೇಕು. ನನ್ನನ್ನು ಕೇಳಿದರೆ, ಒಂದು ಕಲ್ಲು ಸಾಕು.

ಈ ಸಲದ ವಿಷಯ ‘ಯುದ್ಧ ಮತ್ತು ನೆನಪು’ ಎಂದಿಟ್ಟುಕೊಳ್ಳಿ. ರಾಷ್ಟ್ರಕೂಟರ ಯುದ್ಧಗಳನ್ನೆಲ್ಲ ಒಂದು ಚಾರ್ಟಿನಲ್ಲಿ ತುಂಬಲು ಹೊರಟರೆ ಇಸವಿಗಳ ಪಟ್ಟಿಯೊಂದು ತಯಾರಾಗುತ್ತದೆ, ಅಷ್ಟೆ. ಅದರ ಬದಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲನ್ನು ಹಿಡಿಯಿರಿ. ಶಕ 872, ಅಂದರೆ ಕ್ರಿ.ಶ. 949–50ರ ಶಾಸನ ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅಕ್ಷರಗಳ ಜೊತೆಗೆ ಒಂದು ಉಬ್ಬುಶಿಲ್ಪ: ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ.

ಕಥೆ ಹೀಗಿದೆ. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧ. ಕೃಷ್ಣನ ಕಡೆ ನಿಂತವನು ಗಂಗರ ಎರಡನೆಯ ಬೂತುಗ. ಅವನ ಬಂಟ ಮಣಲೇರ ಎದೆಗೊಟ್ಟು ಹೋರಾಡಿದ. ಮೆಚ್ಚಿದ ಒಡೆಯ ‘ಏನು ಬೇಕು ಕೇಳು’ ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೇಟೆಯಲ್ಲಿ ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಎರಡು ಖಂಡುಗ ಭೂಮಿ ಬಿಡಿಸಿದ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ.

ಇಷ್ಟು ಓದಿದ ಏಳನೇ ತರಗತಿಯ ಮಗು ಸುಮ್ಮನಿರುವುದೇ? ರಾಜನೇ ಕೊಡುತ್ತೇನೆಂದಾಗ ನಾಯಿಯನ್ನೇಕೆ ಕೇಳಿದ? ಗೊರವ ಎಂದರೆ ಯಾರು? ಭೂಮಿಯನ್ನು ಖಂಡುಗದಲ್ಲಿ ಅಳೆಯುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಹಳ್ಳಿಯ ಅಜ್ಜನೇ ಉತ್ತರ ಹೇಳಬಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಎಷ್ಟು ಬೀಜ ಬಿತ್ತಬಹುದೋ ಅದೇ ಹೊಲದ ಅಳತೆ. ಮಕ್ಕಳ ಈ ಪ್ರಶ್ನೆಗಳನ್ನು ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಪ್ರಾಜೆಕ್ಟಿನ ಬೆನ್ನೆಲುಬು ಅದೇ.

ಮುಂದಿನ ಕೆಲಸ ಆಕರ ಹುಡುಕುವುದು. ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಮಂಡ್ಯ ಜಿಲ್ಲೆ ಎಂದು ಹುಡುಕಿದರೆ ಆತಕೂರು ಸಿಗುವುದಿಲ್ಲ, ಏಕೆಂದರೆ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. 1894ರಲ್ಲಿ ಬಂದ ಮೂರನೆಯ ಸಂಪುಟ, ಅಂದರೆ ಮೈಸೂರು ಜಿಲ್ಲೆಯ ಮೊದಲ ಭಾಗವನ್ನು ತೆಗೆಯಬೇಕು. ಜಿಲ್ಲೆಯ ಗಡಿಗಳಿಗೂ ಒಂದು ಚರಿತ್ರೆ ಇದೆಯೆಂಬುದು ಮಗುವಿಗೆ ಅಲ್ಲೇ ತಿಳಿಯುತ್ತದೆ. ಶಾಸನದ ಹಳಗನ್ನಡವನ್ನು ಕನ್ನಡ ಮೇಷ್ಟ್ರ ಪಕ್ಕ ಕುಳಿತು ಸಾಲುಸಾಲಾಗಿ ಬಿಡಿಸಿಕೊಂಡು, ಮಗು ತನ್ನದೇ ಮಾತಿನಲ್ಲಿ ಬರೆಯಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಹತ್ತು ಪುಟಕ್ಕಿಂತ ಹೀಗೆ ದಕ್ಕಿದ ಹತ್ತು ಸಾಲು ಮೇಲು.

ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡಬಾರದು. ತಕ್ಕೋಲದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಮಡಿದ. ಆನೆಯ ಮೇಲಿನ ಪೀಠವೇ ರಣರಂಗವಾಗುವಂತೆ ಅವನನ್ನು ಇರಿದು ಕೊಂದವನು ಬೂತುಗ ಎನ್ನುತ್ತದೆ ಆತಕೂರಿನ ಕಲ್ಲು. ಅದಕ್ಕೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳೇ ಅವನಿಗೆ ಬಹುಮಾನವಾಗಿ ಬಂದವಂತೆ. ಲೈಡನ್ ತಾಮ್ರಪಟವೆಂದು ಹೆಸರಾದ ಹನ್ನೊಂದನೆಯ ಶತಮಾನದ ಚೋಳ ಶಾಸನದಲ್ಲಿ ಬೂತುಗನ ಸುದ್ದಿ ಇಲ್ಲ. ರಾಜಾದಿತ್ಯ ತನ್ನ ಬಾಣಗಳಿಂದ ಕೃಷ್ಣನ ಸೇನೆಯನ್ನೇ ಕಲಕಿ, ಆನೆಯ ಮೇಲಿದ್ದಂತೆಯೇ ಕೃಷ್ಣನ ಬಾಣ ಎದೆಗೆ ನಾಟಿ ವೀರಸ್ವರ್ಗ ಸೇರಿದನೆಂದು ಅದು ಹೇಳುತ್ತದೆ. ಗೆದ್ದವರ ಕಲ್ಲೊಂದು, ಮಗನನ್ನು ಕಳೆದುಕೊಂಡ ಮನೆತನದ ತಾಮ್ರಪಟವೊಂದು. ಎರಡನ್ನೂ ಎದುರುಬದುರಾಗಿ ಇಟ್ಟು, ಇವು ಎಲ್ಲಿ ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ, ಬರೆಸಿದವರಿಗೆ ಏನು ಬೇಕಿತ್ತು ಎಂದು ಮೂರು ಅಂಕಣ ಹಾಕಿಸಿ. ‘ಯುದ್ಧ ಮತ್ತು ನೆನಪು’ ಎಂಬ ದೊಡ್ಡ ವಿಷಯ ಆ ಒಂದು ಹಾಳೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಆತಕೂರಿನ ಕಲ್ಲೇ ಆಗಬೇಕೆಂದಿಲ್ಲ. ಕೆರೆಯ ಏರಿ, ಊರ ಬಾಗಿಲು, ದೇವಸ್ಥಾನದ ಹಿಂಬದಿ, ಎಲ್ಲಾದರೂ ಒಂದು ವೀರಗಲ್ಲು ಇರದ ಹೋಬಳಿ ನಮ್ಮಲ್ಲಿ ಅಪರೂಪ. ಅಲ್ಲಿಗೆ ಬೆಳಗ್ಗೆಯೋ ಸಂಜೆಯೋ ಹೋಗಿ. ಓರೆಬಿಸಿಲಿನಲ್ಲಿ ಸವೆದ ಗೆರೆಯೂ ನೆರಳಾಗಿ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ಫೋಟೋದಲ್ಲಿ ಎಲ್ಲವೂ ಚಪ್ಪಟೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ಇದು ಸಾಮಾನ್ಯ ಕ್ರಮ. ಕಾಳಗದ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೋಳಿನಲ್ಲಿ, ಅಂದರೆ ಹಸುಗಳ ಸುಲಿಗೆ ತಡೆಯುವಾಗ ಸತ್ತವನಿರಬೇಕು. ಅಳತೆ ಪಟ್ಟಿಯಿಟ್ಟು ಎತ್ತರ, ಅಗಲ ಗುರುತು ಮಾಡಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು, ಬ್ರಷ್ ಹಾಕಿ ತಿಕ್ಕುವುದು ಬೇಡವೇ ಬೇಡ. ಸಾವಿರ ವರ್ಷ ಬಾಳಿದ ಗೆರೆ ನಮ್ಮ ಆತುರಕ್ಕೆ ಸವೆಯಬಾರದು. ಬೆಂಗಳೂರಿನ ಮಕ್ಕಳಿಗೆ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿರುವುದು ದೊಡ್ಡ ಅನುಕೂಲ.

ಮೇಳದ ದಿನ ಫಲಕದ ಮೇಲೆ ನಾಲ್ಕೇ ಭಾಗ ಇರಲಿ: ನಮ್ಮ ಪ್ರಶ್ನೆ, ನಮ್ಮ ಆಕರ, ಅದು ಹೇಳಿದ್ದು, ನಮಗಿನ್ನೂ ತಿಳಿಯದ್ದು. ಕಲ್ಲು ನೇರವಾಗಿ ಹೇಳುವ ಮಾತೊಂದು ಬಣ್ಣದಲ್ಲಿ, ಮಗು ಊಹಿಸಿದ್ದು ಇನ್ನೊಂದು ಬಣ್ಣದಲ್ಲಿ ಇರಲಿ. ಇತಿಹಾಸಕಾರರ ಶಿಸ್ತಿನ ಬಹುಪಾಲು ಈ ಎರಡು ಬಣ್ಣ ಬೆರೆಯದಂತೆ ನೋಡಿಕೊಳ್ಳುವುದರಲ್ಲೇ ಇದೆ.

ತೀರ್ಪುಗಾರರಲ್ಲಿ ನನ್ನದೊಂದು ಮನವಿ. ಮಿನುಗುವ ಮಾದರಿಗೆ ಅಂಕ ಕೊಡಿ, ಬೇಡವೆನ್ನುವುದಿಲ್ಲ. ಆದರೆ ‘ಕಲ್ಲಿನಲ್ಲಿ ಇಷ್ಟಿದೆ ಸರ್, ಮುಂದಿನದು ನಮ್ಮ ಊಹೆ’ ಎಂದು ತಡವರಿಸದೆ ಹೇಳುವ ಮಗುವಿಗೆ ಒಂದಂಕ ಹೆಚ್ಚು ಕೊಡಿ. ದೊಡ್ಡವರಾದ ಮೇಲೆ, ಇತಿಹಾಸದ ಹೆಸರಿನಲ್ಲಿ ಯಾರು ಏನೇ ಹೇಳಲಿ, ಆಧಾರ ಕೇಳುವ ಧೈರ್ಯ ಆ ಮಕ್ಕಳಲ್ಲಿ ಉಳಿಯುತ್ತದೆ.