‘ತಟಸ್ಥ’ ಶಬ್ದದ ವಿಚಾರ: ಪರದೇಶಕ್ಕೆ ಹೊರಡುವ ಸ್ವಯಂಸೇವಕರ ಶಿಕ್ಷಣದಲ್ಲಿ ಪರಿಭಾಷೆಯ ವಿಮರ್ಶೆ

ಪರದೇಶದಲ್ಲಿ ಜನಸೇವೆಗೆ ಹೊರಡುವ ತರುಣ ತರುಣಿಯರಿಗೆ ಮುಂಚಿತವಾಗಿ ಶಿಕ್ಷಣ ಕೊಡುವ ಪದ್ಧತಿ ಹಲವು ದೇಶಗಳಲ್ಲಿ ನೆಲೆಗೊಂಡಿದೆ. ಜರ್ಮನಿಯಲ್ಲಿ 2008ರಲ್ಲಿ ಆರಂಭವಾದ ‘ವೆಲ್ಟ್‌ವೆರ್ಟ್ಸ್’ ಯೋಜನೆಯು ಹೊರಡುವ ಮುನ್ನ, ಸೇವೆಯ ನಡುವೆ ಮತ್ತು ಮರಳಿದ ಮೇಲೆ ಒಟ್ಟು 25 ದಿನಗಳ ಶಿಬಿರವನ್ನು ವಿಧಿಸಿದೆ. ರಾಯಚೂರು, ದೇವದುರ್ಗ, ಮಾನ್ವಿಗಳ ತರುಣನು ಇಂಥ ಕಾರ್ಯಕ್ಕೆ ಹೊರಟರೆ ಅವನಿಗೆ ಪರಭಾಷೆಯೇ ತೊಡಕೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಸ್ವಭಾಷೆಯಲ್ಲಿಯೂ ಒಂದು ತೊಡಕುಂಟು. ಪ್ರಕೃತ ಲೇಖನದ ವಿಷಯ ಅದು.

1965ರಲ್ಲಿ ವಿಯೆನ್ನಾದಲ್ಲಿ ಸೇರಿದ ರೆಡ್‌ಕ್ರಾಸ್ ಪರಿಷತ್ತು ಏಳು ಮೂಲತತ್ತ್ವಗಳನ್ನು ಘೋಷಿಸಿತು. ಅವುಗಳಲ್ಲಿ ಎರಡನೆಯದನ್ನು ‘ನಿಷ್ಪಕ್ಷಪಾತ’ವೆಂದೂ ಮೂರನೆಯದನ್ನು ‘ತಾಟಸ್ಥ್ಯ’ವೆಂದೂ ಕನ್ನಡದಲ್ಲಿ ಹೇಳಬಹುದು. ವಿಶ್ವಸಂಸ್ಥೆಯ ಮಹಾಸಭೆಯೂ 1991ರ ನಿರ್ಣಯದಲ್ಲಿ ಇವೆರಡನ್ನು ಬೇರೆ ಬೇರೆಯಾಗಿಯೇ ಹೆಸರಿಸಿದೆ. ನಮ್ಮ ವ್ಯವಹಾರದಲ್ಲಾದರೋ ಇವು ಬಹುಮಟ್ಟಿಗೆ ಪರ್ಯಾಯಪದಗಳು. ವಾಸ್ತವವಾಗಿ ಮೊದಲನೆಯದು ನೆರವು ಪಡೆಯುವವನನ್ನು ಕುರಿತದ್ದು: ಸಂಕಟದ ತೀವ್ರತೆಯೊಂದೇ ಅಲ್ಲಿ ಅಳತೆ. ಎರಡನೆಯದು ಹೋರಾಡುವ ಪಕ್ಷಗಳನ್ನು ಕುರಿತದ್ದು: ಕಲಹದಲ್ಲಿ ಯಾರೊಡನೆಯೂ ಸೇರದಿರುವುದು.

‘ತಟಸ್ಥ’ನೆಂದರೆ ದಡದಲ್ಲಿ ನಿಂತವನು. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಈ ವ್ಯುತ್ಪತ್ತಿ ಕೇವಲ ಪಾಂಡಿತ್ಯದ ಮಾತಲ್ಲ. ದೇವದುರ್ಗದ ಸೀಮೆಗೆ ಕೃಷ್ಣೆ, ಮಾನ್ವಿಯ ಸೀಮೆಗೆ ತುಂಗಭದ್ರೆ. 2009ರ ಮಹಾಪೂರವನ್ನು ಕಂಡ ಜನಕ್ಕೆ ದಡದಲ್ಲಿ ನಿಂತವನೆಂದರೆ ಮುಳುಗುವವನನ್ನು ನೋಡುತ್ತ ನಿಂತವನೇ. ಅದನ್ನೇ ನೀರಿಗಿಳಿಯಬೇಕಾದವನ ಗುಣವೆಂದು ಬೋಧಿಸಿದರೆ ಶಿಬಿರಾರ್ಥಿ ಗೊಂದಲಗೊಳ್ಳದಿರಲಾರನು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ‘ತರಫು’ ಎಂಬ ಕಚೇರಿಯ ಶಬ್ದ ಅಪರಿಚಿತವಲ್ಲ. ‘ಯಾರ ತರಫೂ ಅಲ್ಲ’ ಎಂದರೆ ಅರ್ಥ ನಿಚ್ಚಳ, ನಿಷ್ಕ್ರಿಯತೆಯ ವಾಸನೆಯಿಲ್ಲ. ಗ್ರಾಂಥಿಕರು ಮೂಗು ಮುರಿದರೂ ಶಿಬಿರದಲ್ಲಿ ಇದೇ ಮೇಲು.

ನಿಷ್ಪಕ್ಷಪಾತಕ್ಕೆ ನಮ್ಮಲ್ಲಿ ಸಮೀಪವಾದ ಮಾತು ‘ಪಂಕ್ತಿಭೇದವಿಲ್ಲದಿರುವುದು’. ಜಾತಿಯ ಏರುಪೇರನ್ನು ಕಂಡವರಿಗೆ ಇದು ಒಡನೆ ತಟ್ಟುತ್ತದೆ. ಆದರೆ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಸಮನಾಗಿ ಬಡಿಸುತ್ತಾರೆ. ಇಲ್ಲಿಯ ತತ್ತ್ವ ಹಾಗಲ್ಲ. ಮಣ್ಣಿನ ಗೋಡೆ ಕುಸಿದವನಿಗೂ ಮಾಳಿಗೆ ಉಳಿದವನಿಗೂ ಒಂದೊಂದು ಗಂಟು ಕೊಟ್ಟರೆ ಅದು ಸಮಪಾಲು, ನಿಷ್ಪಕ್ಷಪಾತವಲ್ಲ. ಇದನ್ನು ವಿವರಿಸಲು ಹೊರನಾಡಿನ ದೃಷ್ಟಾಂತವೇ ಬೇಕೆಂದಿಲ್ಲ. ನಂಜುಂಡಪ್ಪ ಸಮಿತಿಯ 2002ರ ವರದಿಯು ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಕೊರತೆ ಹೆಚ್ಚಿರುವಲ್ಲಿಗೆ ಪಾಲೂ ಹೆಚ್ಚು ಬರಬೇಕೆಂಬ ವಾದವನ್ನು ಕೇಳಿ ಬೆಳೆದ ತರುಣನು ಅದೇ ನ್ಯಾಯವನ್ನು ಪರದೇಶದ ಬಿಡಾರದಲ್ಲಿ ಅನ್ವಯಿಸಬಲ್ಲನು.

ಉಳಿಯುವುದು ಕಠಿಣವಾದ ಪ್ರಶ್ನೆ. ಅನ್ಯಾಯವನ್ನು ಕಂಡೂ ಬಾಯಿ ಬಿಡದಿರುವುದು ಧರ್ಮವೆ? 1967ರಲ್ಲಿ ನೈಜೀರಿಯದಲ್ಲಿ ಆರಂಭವಾದ ಬಿಯಾಫ್ರಾ ಯುದ್ಧದಲ್ಲಿ ರೆಡ್‌ಕ್ರಾಸಿನೊಡನೆ ದುಡಿದ ಕೆಲವು ಫ್ರೆಂಚ್ ವೈದ್ಯರು ಆ ಮೌನವನ್ನು ಒಪ್ಪಲಿಲ್ಲ. 1971ರಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಬಹಿರಂಗವಾಗಿ ಖಂಡಿಸಿದರೆ ಸೆರೆಯಾಳುಗಳ ಬಳಿಗೂ ಗಾಯಾಳುಗಳ ಬಳಿಗೂ ಹೋಗುವ ದಾರಿ ಮುಚ್ಚೀತೆಂಬುದು ಪ್ರತಿಪಕ್ಷದ ಸಮಾಧಾನ. ಹೊಸಬನ ಮಟ್ಟಿಗೆ ಪ್ರಕೃತ ಲೇಖಕನ ಒಲವು ಮೌನದ ಕಡೆಗೇ: ಅವನ ಫೋನಿನಿಂದ ಹೊರಟ ಒಂದು ಚಿತ್ರಕ್ಕೆ ದಂಡ ತೆರಬೇಕಾದವರು ನೆರವಿನ ಸಾಲಿನಲ್ಲಿ ನಿಂತವರು. ಆದರೂ ವೈದ್ಯರ ಆಕ್ಷೇಪವನ್ನು ಅಲ್ಲಗಳೆಯುವುದು ಸುಲಭವಲ್ಲ. ಶಿಬಿರಾರ್ಥಿಗಳು ರಾಯಚೂರಿನಲ್ಲಿರುವಾಗಲೇ, ಕನ್ನಡದಲ್ಲಿ, ಎರಡು ಗುಂಪುಗಳಾಗಿ ಇದನ್ನು ವಾದಿಸಿ ನೋಡುವುದಕ್ಕೆ 25 ದಿನಗಳಲ್ಲಿ ಒಂದು ದಿನವನ್ನಾದರೂ ಮೀಸಲಿಡಬಹುದು.