ಟಿಪ್ಪುವಿನ ಬೇಸಿಗೆಯ ಅರಮನೆ: ನಮ್ಮ ಬೋಧನೆಯ ಒಂದು ವಿಮರ್ಶೆ

ಯಲಹಂಕದ ಬಳಿಯ ಕೋಗಿಲಿನಿಂದ ವಿದ್ಯಾರ್ಥಿಗಳೊಡನೆ ಹೊರಟು ಬೆಂಗಳೂರು ಕೋಟೆಯ ಸಮೀಪದಲ್ಲಿರುವ ಟಿಪ್ಪುವಿನ ಬೇಸಿಗೆಯ ಅರಮನೆಯನ್ನು ಸಂದರ್ಶಿಸಿದೆವು. ತೇಗದ ಕಂಬಗಳೂ ಕಮಾನುಗಳೂ ಎಲ್ಲರ ಮನಸ್ಸನ್ನು ಸೆಳೆದವು. ಆದರೆ ನಾವು ನೀಡಿದ ವಿವರಣೆ ಅಪೂರ್ಣವಾಗಿತ್ತೆಂಬುದು ಹಿಂದಿರುಗುವಾಗ ಮನವರಿಕೆಯಾಯಿತು. ಹೈದರಾಲಿಯು 1781ರಲ್ಲಿ ಆರಂಭಿಸಿದ ಈ ಸೌಧವನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದನೆಂದು ಹೇಳಿ ನಿಲ್ಲಿಸಿದ್ದೆವು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನು ಕೋಟೆಯನ್ನು ಹಿಡಿದುದನ್ನಾಗಲಿ, ಮುಂದೆ ಕಮಿಷನರರ ಆಡಳಿತದಲ್ಲಿ ಈ ಅರಮನೆಯೇ ಸರ್ಕಾರದ ಕಚೇರಿಯಾಗಿದ್ದುದನ್ನಾಗಲಿ, 1868ರಲ್ಲಿ ಆ ಕಚೇರಿ ಅಠಾರಾ ಕಚೇರಿಯ ಹೊಸ ಕಟ್ಟಡಕ್ಕೆ ಸಾಗಿದುದನ್ನಾಗಲಿ ತಿಳಿಸಿರಲಿಲ್ಲ.

ಇದಕ್ಕೆ ಕೊರಿಯಾದ ನಿದರ್ಶನವೊಂದನ್ನು ಹೋಲಿಸಬಹುದು. 1395ರಲ್ಲಿ ನಿರ್ಮಿತವಾದ ಸಿಯೋಲ್ ನಗರದ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಆವರಣದಲ್ಲಿ ಜಪಾನೀಯರು 1926ರಲ್ಲಿ ಮುಗಿಸಿದ ಆಡಳಿತ ಭವನವನ್ನು ಕೊರಿಯನ್ನರು 1995-96ರಲ್ಲಿ ಕೆಡವಿದರು. ಅಲ್ಲಿ ಪರರ ಆಳ್ವಿಕೆ ಅರಮನೆಯ ಮುಂದೆ ಕಟ್ಟಡವಾಗಿ ನಿಂತಿತ್ತು. ಇಲ್ಲಿ ಅದು ಅರಮನೆಯೊಳಗೇ ಕುಳಿತಿತ್ತು. ಆದ್ದರಿಂದ ಇಲ್ಲಿ ಆ ಕಾಲದ ಗುರುತು ಕಣ್ಣಿಗೆ ಕಾಣದು, ಅಧ್ಯಾಪಕನೇ ಹೇಳಬೇಕು. ಅರಸನ ಹೆಸರಿನೊಡನೆ ಪಾಠವನ್ನು ಮುಗಿಸಿದರೆ ಕಟ್ಟಡದ ಅರ್ಧ ಚರಿತ್ರೆಯನ್ನು ನಾವೇ ಅಳಿಸಿದಂತಾಗುತ್ತದೆ.